ಬೆಂಚಿನ ತುದಿಯಲ್ಲಿ ಕೂತಿದ್ದ ಜೆರೆಮಿ ಲಿನ್

ವಿಡಿಯೋ ನೋಡೋಕೆ ಪುರುಸೊತ್ತಿಲ್ಲ, ಮೆಟ್ರೋದಲ್ಲಿ ಓದ್ಕೋತೀವಿ ಅನ್ನೋರಿಗಾಗಿ ಎಂದಿನಂತೆ ಬರಹ ರೂಪ ಇಲ್ಲಿದೆ. ಮಾತಾಡುವಾಗ ಬಾಯ್ತಪ್ಪಿದ ಒಂದೆರಡು ಅಂಕಿಗಳನ್ನ ಇಲ್ಲಿ ಸರಿ ಮಾಡಿದ್ದೇನೆ.

2025ರ ಅಕ್ಟೋಬರ್ 30ರ ರಾತ್ರಿ ನೆನಪಿದೆಯಲ್ಲ? ನವಿ ಮುಂಬೈನ ಡಿ.ವೈ. ಪಾಟೀಲ್ ಸ್ಟೇಡಿಯಂ, ಮಹಿಳಾ ವಿಶ್ವಕಪ್ ಸೆಮಿಫೈನಲ್. ಆಸ್ಟ್ರೇಲಿಯಾ ಕೊಟ್ಟ 339ರ ಗುರಿಯನ್ನ ನಾವು ದಾಟಿದ್ವಿ, ಜೆಮಿಮಾ ರಾಡ್ರಿಗಸ್ ಔಟಾಗದೆ 127. ಮ್ಯಾಚ್ ಮುಗಿದ ಮೇಲೆ ಅಳ್ತಾ ಅಳ್ತಾನೇ ಯೇಸುವಿಗೆ ಧನ್ಯವಾದ ಹೇಳಿದ್ರು. ಮಾರನೇ ದಿನ ಪುಣೆಯಲ್ಲಿ ನಮ್ಮ ಆಫೀಸಿನ ಊಟದ ಟೇಬಲ್ಲಿನಲ್ಲಿ ಚರ್ಚೆ ಶುರು. "ಆಟದಲ್ಲಿ ದೇವರನ್ನ ಯಾಕೆ ತರ್ಬೇಕು?" ಅಂತ ಒಬ್ಬ. "ಕೈಗೆ ದಾರ ಕಟ್ಕೊಂಡು, ಸೆಂಚುರಿ ಹೊಡೆದು ಆಕಾಶ ನೋಡೋರನ್ನ ಯಾವತ್ತಾದ್ರೂ ಕೇಳಿದ್ದೀಯಾ?" ಅಂತ ಇನ್ನೊಬ್ಬ. ಊಟ ತಣ್ಣಗಾಯ್ತು, ವಾದ ಬಿಸಿಯಾಯ್ತು. ನಾನು ನಡುವೆ ಬಾಯಿ ಹಾಕಿ "ಜೆರೆಮಿ ಲಿನ್ ಗೊತ್ತಾ?" ಅಂದೆ. ಆರು ಜನರಲ್ಲಿ ಒಬ್ಬರಿಗೂ ಗೊತ್ತಿರಲಿಲ್ಲ. ಈ ಮಾತು ಅಲ್ಲಿಂದ ಹುಟ್ಟಿದ್ದು.

ಮೊದಲೇ ಹೇಳಿಬಿಡ್ತೀನಿ. ನಾನು ಕ್ರೈಸ್ತನಲ್ಲ, ಗದಗಿನ ವೀರನಾರಾಯಣನ ಗುಡಿಯ ಓಣಿಯಲ್ಲಿ ಬೆಳೆದವನು. ಬಾಸ್ಕೆಟ್‌ಬಾಲ್ ಕೂಡ ಆಡಿದವನಲ್ಲ. 2012ರ ಫೆಬ್ರವರಿಯಲ್ಲಿ ಎಂಟೆಕ್ ಮೊದಲ ವರ್ಷದಲ್ಲಿದ್ದಾಗ ಹಾಸ್ಟೆಲ್ಲಿನ ಒಬ್ಬ ಹುಡುಗ ಲ್ಯಾಪ್‌ಟಾಪಿನಲ್ಲಿ ತೋರಿಸಿದ ಅನ್ನೋದೇ ನನಗೂ ಲಿನ್‌ಗೂ ಇರೋ ಮೊದಲ ನಂಟು. ಆವಾಗ "ಭಾರಿ ಆಡ್ತಾನಲ್ಲಪ್ಪ" ಅಂದು ಮರೆತೆ. ಹನ್ನೊಂದು ವರ್ಷದ ನಂತರ ಅವನನ್ನ ಮತ್ತೆ ಹುಡುಕಿಕೊಂಡು ಹೋಗೋ ಪರಿಸ್ಥಿತಿ ಬಂತು, ಅದನ್ನ ಆಮೇಲೆ ಹೇಳ್ತೀನಿ. ಅವನು ನನಗಿಂತ ಒಂದು ವರ್ಷ ದೊಡ್ಡವನು. ಆದ್ರೂ ಏಕವಚನದಲ್ಲೇ ಕರೀತೀನಿ, ಸಲುಗೆ ಬಂದುಬಿಟ್ಟಿದೆ.

ಲಿನ್ ಹುಟ್ಟಿದ್ದು 1988ರಲ್ಲಿ, ಬೆಳೆದಿದ್ದು ಕ್ಯಾಲಿಫೋರ್ನಿಯಾದ ಪಾಲೊ ಆಲ್ಟೊದಲ್ಲಿ. ಹೌದು, ನಮ್ಮ ಅರ್ಧ ಬ್ಯಾಚ್‌ಮೇಟುಗಳು ಹೋಗಬೇಕು ಅಂತ ಕನಸು ಕಂಡ ಅದೇ ಸಿಲಿಕಾನ್ ವ್ಯಾಲಿ. ಅಪ್ಪ ಅಮ್ಮ ಎಪ್ಪತ್ತರ ದಶಕದಲ್ಲಿ ತೈವಾನ್‌ನಿಂದ ವಲಸೆ ಹೋದವರು, ಅಪ್ಪ ಇಂಜಿನಿಯರ್. ಇಬ್ಬರ ಎತ್ತರವೂ ಐದಡಿ ಆರಿಂಚು. ಅಪ್ಪನಿಗೆ ಬಾಸ್ಕೆಟ್‌ಬಾಲ್ ಹುಚ್ಚು, ಆದರೆ ಆಡಿ ಕಲಿತದ್ದಲ್ಲ. ಎನ್‌ಬಿಎ ಪಂದ್ಯಗಳ ವಿಡಿಯೋ ಟೇಪ್ ಹಾಕಿ, ತಿರುತಿರುಗಿ ನೋಡಿ, ಒಂದೊಂದೇ ಪಟ್ಟು ಅರ್ಥ ಮಾಡ್ಕೊಂಡು, ಅದನ್ನ ಮೂರೂ ಗಂಡುಮಕ್ಕಳಿಗೆ ವೈಎಂಸಿಎ ಅಂಗಳದಲ್ಲಿ ಕಲಿಸಿದ. ಯೂಟ್ಯೂಬ್ ನೋಡಿ ಜಾವಾ ಕಲಿತವರಿಗೆ ಈ ಅಪ್ಪ ಬೇಗ ಅರ್ಥ ಆಗ್ತಾನೆ. ಮನೆಯಲ್ಲಿ ಓದು ಮೊದಲು, ಭಾನುವಾರ ಚೀನೀ ಸಮುದಾಯದ ಚರ್ಚು. ಲಿನ್‌ನ ಭಕ್ತಿ ಆಟಗಾರನಾದ ಮೇಲೆ ಬಂದದ್ದಲ್ಲ, ಅಲ್ಲಿಂದ ಬಂದದ್ದು.

2006ರಲ್ಲಿ ಅವನು ನಾಯಕನಾಗಿದ್ದ ಪಾಲೊ ಆಲ್ಟೊ ಹೈಸ್ಕೂಲ್ ತಂಡ ಆ ಸೀಸನ್ನಿನಲ್ಲಿ 32 ಪಂದ್ಯ ಗೆದ್ದು ಒಂದೇ ಒಂದು ಸೋತಿತ್ತು. ರಾಜ್ಯ ಫೈನಲ್ಲಿನಲ್ಲಿ ಮೇಟರ್ ಡೇ ಅನ್ನೋ ಘಟಾನುಘಟಿ ಶಾಲೆಯನ್ನ 51-47ರಲ್ಲಿ ಸೋಲಿಸ್ತು. ಇಂಥ ಹುಡುಗನಿಗೆ ಕಾಲೇಜುಗಳು ಕ್ರೀಡಾ ಸ್ಕಾಲರ್‌ಶಿಪ್ ಹಿಡ್ಕೊಂಡು ಬಾಗಿಲಿಗೆ ಬರೋದು ಅಲ್ಲಿಯ ವಾಡಿಕೆ. ದೊಡ್ಡ ಕಾಲೇಜುಗಳಿಂದ ಒಂದೂ ಬರಲಿಲ್ಲ. ಸ್ಟ್ಯಾನ್‌ಫರ್ಡ್ ಅವನ ಶಾಲೆಯ ರಸ್ತೆಯಾಚೆಗೇ ಇತ್ತು, ಅವರಿಗೂ ಬೇಡ. ಕೊನೆಗೆ ಹಾರ್ವರ್ಡ್‌ಗೆ ಹೋದ. ಅಲ್ಲಿ ಆಟಕ್ಕೆ ಅಂತ ಸ್ಕಾಲರ್‌ಶಿಪ್ ಕೊಡೋ ಪದ್ಧತಿಯೇ ಇಲ್ಲ. ನಮ್ಮ ಮನೆಗಳಲ್ಲಿ "ಹಾರ್ವರ್ಡ್ ಸಿಕ್ಕಿತಂತೆ" ಅಂದ್ರೆ ಪೇಡಾ ಹಂಚ್ತಾರೆ. ಬಾಸ್ಕೆಟ್‌ಬಾಲ್ ಲೋಕದಲ್ಲಿ ಅದಕ್ಕೆ ಅರ್ಥ, ಈ ಹುಡುಗ ಇನ್ನು ಆಟ ಬಿಟ್ಟ ಹಾಗೆಯೇ ಅಂತ. ಅಲ್ಲಿ ಅರ್ಥಶಾಸ್ತ್ರ ಓದಿದ, ಏಷ್ಯನ್ ಅಮೆರಿಕನ್ ಕ್ರೈಸ್ತ ವಿದ್ಯಾರ್ಥಿಗಳ ಕೂಟದ ನಾಯಕರಲ್ಲಿ ಒಬ್ಬನಾಗಿದ್ದ, ಮುಂದೊಂದು ದಿನ ಪಾಸ್ಟರ್ ಆಗಬೇಕು ಅಂತಲೂ ಅಂದುಕೊಂಡಿದ್ದ. ಬೇರೆ ಊರಿಗೆ ಆಡಲು ಹೋದಾಗ ಗ್ಯಾಲರಿಯಿಂದ ಚೀನೀ ತಿಂಡಿಗಳ ಹೆಸರು ಕೂಗಿ ಅಣಕಿಸ್ತಿದ್ರು. ಅದಕ್ಕಿಂತ ಕೆಟ್ಟದ್ದೂ ಇತ್ತು, ಇಲ್ಲಿ ಬೇಡ.

2010ರ ಎನ್‌ಬಿಎ ಡ್ರಾಫ್ಟ್‌ನಲ್ಲಿ 60 ಹೆಸರು ಕರೆದರು. ಲಿನ್ ಹೆಸರಿಲ್ಲ.

ಇಲ್ಲಿ ಸ್ವಲ್ಪ ನಿಲ್ಲೋಣ, ಯಾಕಂದ್ರೆ ನಮ್ಮಂಥವರಿಗೆ ಈ ಕಥೆಯ ರುಚಿಕರ ಭಾಗ ಇದೇ. ಲಿನ್ ಯಾರ ಕಣ್ಣಿಗೂ ಬೀಳಲಿಲ್ಲ ಅನ್ನೋದು ಪೂರ್ತಿ ನಿಜವಲ್ಲ. ಡ್ರಾಫ್ಟ್‌ಗೆ ಮೊದಲೇ ಎಡ್ ವೀಲ್ಯಾಂಡ್ ಅನ್ನೋ ಒಬ್ಬ ಫೆಡ್‌ಎಕ್ಸ್ ಡ್ರೈವರ್, ಹವ್ಯಾಸಕ್ಕೆ ಅಂಕಿಅಂಶ ನೋಡಿ ಬರೆಯುವವನು, ಈ ಹಾರ್ವರ್ಡ್ ಹುಡುಗ ಎನ್‌ಬಿಎಯಲ್ಲಿ ಚೆನ್ನಾಗಿ ಆಡಬಲ್ಲ ಅಂತ ಬರೆದಿದ್ದ. ಎರಡು ಅಂಶಗಳ ಮೇಲೆ ಅವನ ಲೆಕ್ಕ. ಮೂರು ಪಾಯಿಂಟ್ ಗೆರೆಯ ಒಳಗಿನಿಂದ ಎಸೆದಾಗ ಎಷ್ಟು ಸಲ ಬುಟ್ಟಿಗೆ ಬೀಳುತ್ತೆ ಅನ್ನೋದು ಒಂದು. ಇನ್ನೊಂದು, ರೀಬೌಂಡ್, ಸ್ಟೀಲ್, ಬ್ಲಾಕ್ ಈ ಮೂರನ್ನೂ ಕೂಡಿಸಿ ನಲವತ್ತು ನಿಮಿಷಕ್ಕೆ ಎಷ್ಟು ಅನ್ನೋದು. ಈ ಮೂರರ ಮೊತ್ತ ಜಾಸ್ತಿ ಇದ್ದರೆ ದೇಹದಲ್ಲಿ ವೇಗ, ಚುರುಕು ಇದೆ ಅಂತ ಅರ್ಥ. ನೋಡೋಕೆ ಹೇಗೆ ಕಾಣ್ತಾನೆ ಅನ್ನೋದು ಈ ಲೆಕ್ಕಕ್ಕೆ ಬರೋದೇ ಇಲ್ಲ.

ಹ್ಯೂಸ್ಟನ್ ರಾಕೆಟ್ಸ್ ತಂಡದ ಆಗಿನ ಮ್ಯಾನೇಜರ್ ಡ್ಯಾರಿಲ್ ಮೋರಿ ಕಂಪ್ಯೂಟರ್ ಸೈನ್ಸ್ ಓದಿದವನು, ಆಟಗಾರರನ್ನ ಆರಿಸೋಕೆ ಮಾಡೆಲ್ ಕಟ್ಟಿದ ಮೊದಲಿಗರಲ್ಲಿ ಒಬ್ಬ. ಅವನ ಮಾಡೆಲ್ ಕೂಡ ಲಿನ್‌ನನ್ನ ಹಿಡಿದಿತ್ತು. 15ನೇ ಸ್ಥಾನದಲ್ಲಿ ಆರಿಸಬಹುದಾದ ಆಟಗಾರ ಅಂತ ಅದರ ಔಟ್‌ಪುಟ್. ಆದರೆ ಮನುಷ್ಯರು ಕೂತು ನೋಡಿದಾಗ "ಇವನಿಗೆ ಅಷ್ಟು ಮೈಚಳಕ ಇಲ್ಲ" ಅನ್ನಿಸ್ತು, ಕೈಬಿಟ್ಟರು. ಆಮೇಲೆ ಆಟಗಾರರ ಮೊದಲ ಹೆಜ್ಜೆಯ ವೇಗವನ್ನ ಯಂತ್ರದಿಂದ ಅಳೆದಾಗ, ಲಿನ್‌ನದು ಅವರು ಅಳೆದವರಲ್ಲೇ ಅತಿ ವೇಗದ ಹೆಜ್ಜೆಗಳಲ್ಲಿ ಒಂದು ಅಂತ ಗೊತ್ತಾಯ್ತು. ಹಾಗಾದ್ರೆ ನಮಗೆಲ್ಲ ಅವನು ನಿಧಾನ ಅಂತ ಯಾಕೆ ಕಂಡ? ಅವನು ಏಷ್ಯನ್ ಅನ್ನೋದು ಬಿಟ್ಟರೆ ಬೇರೆ ಕಾರಣ ತೋಚಲ್ಲ ಅಂತ ಮೋರಿಯೇ ಒಪ್ಪಿಕೊಂಡಿದ್ದಾನೆ. ಮೈಕಲ್ ಲೂಯಿಸ್ 2016ರ ತನ್ನ 'ದಿ ಅನ್‌ಡೂಯಿಂಗ್ ಪ್ರಾಜೆಕ್ಟ್' ಪುಸ್ತಕದಲ್ಲಿ ಇದನ್ನ ದಾಖಲಿಸಿದ್ದಾನೆ. ಇದು ನನಗೆ ಬಹಳ ಕಾಡಿದ ವಿಷಯ. ಮಾಡೆಲ್ ತಪ್ಪಿದ್ದರೆ ಸರಿಪಡಿಸಬಹುದಿತ್ತು. ಇಲ್ಲಿ ಮಾಡೆಲ್ ಸರಿ ಇತ್ತು, ಅದರ ಉತ್ತರ ನಂಬಲು ಯಾರಿಗೂ ಮನಸ್ಸಾಗಲಿಲ್ಲ.

ಡ್ರಾಫ್ಟ್ ಆದಮೇಲೆ ಬೇಸಿಗೆ ಪಂದ್ಯಗಳಲ್ಲಿ ಚೆನ್ನಾಗಿ ಆಡಿ, ಊರ ತಂಡ ಗೋಲ್ಡನ್ ಸ್ಟೇಟ್ ವಾರಿಯರ್ಸ್‌ಗೆ ಸೇರಿದ. ಒಂದು ವರ್ಷದಲ್ಲಿ ಸಿಕ್ಕಿದ್ದು 29 ಪಂದ್ಯ, ಅದೂ ತುಂಡು ತುಂಡು ನಿಮಿಷ. ಮೂರು ಸಲ ಕೆಳಗಿನ ಲೀಗ್‌ಗೆ ಕಳಿಸಿದರು. 2011ರ ಡಿಸೆಂಬರ್ 9ಕ್ಕೆ ಬಿಟ್ಟರು. ಕಾರಣ ಕೇಳಿ: ಇನ್ನೊಬ್ಬ ದೊಡ್ಡ ಆಟಗಾರನಿಗೆ ಆಫರ್ ಕೊಡೋಕೆ ಬಜೆಟ್‌ನಲ್ಲಿ ಜಾಗ ಬೇಕಿತ್ತು. ಆ ಆಟಗಾರ ಕೊನೆಗೆ ಬರಲೂ ಇಲ್ಲ. ಮೂರು ದಿನಕ್ಕೆ ಹ್ಯೂಸ್ಟನ್ ತಗೊಂಡಿತು, ಅದೇ ಮಾಡೆಲ್ ಇದ್ದ ಹ್ಯೂಸ್ಟನ್. ಅವರೂ ಡಿಸೆಂಬರ್ 24ಕ್ಕೆ, ಕ್ರಿಸ್‌ಮಸ್ ಹಿಂದಿನ ದಿನ, ಬಿಟ್ಟರು. ಅವರಿಗೊಬ್ಬ ಎತ್ತರದ ಸೆಂಟರ್ ಬೇಕಿತ್ತು. ಮತ್ತೆ ಮೂರು ದಿನಕ್ಕೆ ನ್ಯೂಯಾರ್ಕ್ ನಿಕ್ಸ್ ತಗೊಂಡಿತು, ಅವರ ಗಾರ್ಡ್‌ಗಳಿಗೆ ಗಾಯ ಆಗಿತ್ತು ಅಂತ.

ಬೆಂಚು ಅನ್ನೋ ಪದ ನಮ್ಮ ಕಂಪನಿಗಳಿಗೆ ಆಟದ ಅಂಗಳದಿಂದಲೇ ಬಂದದ್ದು ಅನ್ಸುತ್ತೆ. ಲಿನ್ ಕೂತಿದ್ದು ಬೆಂಚಿನ ಕಟ್ಟಕಡೆಯ ತುದಿಯಲ್ಲಿ. ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್ ಒಳಗೆ ಹೋಗುವಾಗ ಸೆಕ್ಯೂರಿಟಿಯವರು ನೀನು ತಂಡದ ಟ್ರೇನರ್ರಾ ಅಂತ ಕೇಳ್ತಿದ್ರಂತೆ. ಮನೆ ಮಾಡಿರಲಿಲ್ಲ, ದಂತವೈದ್ಯ ಓದ್ತಿದ್ದ ಅಣ್ಣನ ರೂಮಿನ ಸೋಫಾದಲ್ಲಿ ಮಲಗ್ತಿದ್ದ. ಫೆಬ್ರವರಿ 10ರ ಒಳಗೆ ಬಿಟ್ಟರೆ ತಂಡಕ್ಕೆ ಪೂರ್ತಿ ಸಂಬಳದ ಹೊರೆ ಇಲ್ಲ. ಅಷ್ಟರೊಳಗೆ ಕಳಿಸ್ತಾರೆ ಅಂತ ಅವನಿಗೂ ಅಂದಾಜಿತ್ತು.

ಫೆಬ್ರವರಿ 4. ಹಿಂದಿನ 13 ಪಂದ್ಯದಲ್ಲಿ 11 ಸೋತು ತಂಡ ಸುಸ್ತಾಗಿತ್ತು. ಬೇರೆ ದಾರಿ ಕಾಣದೆ ಕೋಚ್ ಮೈಕ್ ಡ್ಯಾಂಟೋನಿ ಲಿನ್‌ನನ್ನ ಒಳಗೆ ಕಳಿಸಿದ. ಹಿಂದಿನ ರಾತ್ರಿ ಅವನು ಮಲಗಿದ್ದು ಜೊತೆ ಆಟಗಾರ ಲ್ಯಾಂಡ್ರಿ ಫೀಲ್ಡ್ಸ್ ಮನೆಯ ಸೋಫಾದಲ್ಲಿ. ನ್ಯೂಜೆರ್ಸಿ ನೆಟ್ಸ್ ವಿರುದ್ಧ 25 ಪಾಯಿಂಟ್, 7 ಅಸಿಸ್ಟ್, ನಿಕ್ಸ್‌ಗೆ ಗೆಲುವು. ಮುಂದಿನ ಪಂದ್ಯ ಯೂಟಾ ವಿರುದ್ಧ, ಮೊದಲ ಸಲ ಶುರುವಿನಿಂದ ಆಡಿದ: 28. ವಾಷಿಂಗ್ಟನ್‌ನಲ್ಲಿ 23. ಫೆಬ್ರವರಿ 10ಕ್ಕೆ, ಅವನನ್ನ ಬಿಡಬಹುದಾಗಿದ್ದ ಅದೇ ಗಡುವಿನ ದಿನ, ಕೋಬಿ ಬ್ರಯಂಟ್‌ನ ಲೇಕರ್ಸ್ ಬಂದಿತ್ತು. ಕೋಬಿಯನ್ನ ಪತ್ರಕರ್ತರು ಲಿನ್ ಬಗ್ಗೆ ಕೇಳಿದರೆ, ಇದೇನು ಗಲಾಟೆ ಅಂತ ನನಗೆ ಗೊತ್ತಿಲ್ಲ ಅನ್ನೋ ಧಾಟಿಯಲ್ಲಿ ಉತ್ತರಿಸಿದ್ದ. ಆ ರಾತ್ರಿ ಕೋಬಿ 34, ಲಿನ್ 38. ಮಿನೆಸೋಟದಲ್ಲಿ 20. ಫೆಬ್ರವರಿ 14ಕ್ಕೆ ಟೊರಾಂಟೊದಲ್ಲಿ ಸ್ಕೋರ್ ಸಮ ಇದ್ದಾಗ, ಗಡಿಯಾರದ ಕೊನೆಯ ಕ್ಷಣಗಳವರೆಗೂ ಕಾದು ದೂರದಿಂದ ಎಸೆದ ಮೂರು ಪಾಯಿಂಟ್, ಗೆಲುವು. ಹನ್ನೆರಡು ದಿನದಲ್ಲಿ ಸತತ ಏಳು ಗೆಲುವು. ಶುರುವಿನಿಂದ ಆಡಿದ ಮೊದಲ ಐದು ಪಂದ್ಯದಲ್ಲಿ 136 ಪಾಯಿಂಟ್. 1976ರಲ್ಲಿ ಎರಡು ಲೀಗ್‌ಗಳು ಒಂದಾದ ಮೇಲೆ ಅಲ್ಲಿಯವರೆಗೆ ಯಾರೂ ಇಷ್ಟು ಮಾಡಿರಲಿಲ್ಲ. 'ಲಿನ್‌ಸ್ಯಾನಿಟಿ' ಅಂತ ಪದವೇ ಹುಟ್ಟಿತು. ಹ್ಯೂಸ್ಟನ್‌ನ ಮೋರಿ, ಅವನನ್ನ ಉಳಿಸಿಕೊಳ್ಳಬೇಕಿತ್ತು ಅಂತ ಟ್ವೀಟ್ ಮಾಡಿದ.

ಹೇಗೆ ಸಾಧ್ಯವಾಯ್ತು? ದೇವರ ಮಾತಿಗೆ ಮೊದಲು ಮೈದಾನದ ಕಾರಣ ನೋಡೋಣ. ಡ್ಯಾಂಟೋನಿಯ ಆಟದ ಜೀವಾಳ ಪಿಕ್ ಅಂಡ್ ರೋಲ್. ಎತ್ತರದ ಜೊತೆಗಾರ ಬಂದು ಎದುರಾಳಿ ಕಾವಲುಗಾರನ ದಾರಿಗೆ ಗೋಡೆಯಂತೆ ನಿಲ್ತಾನೆ, ಚೆಂಡು ಹಿಡಿದವನು ಆ ಗೋಡೆಯ ಪಕ್ಕ ನುಗ್ತಾನೆ. ಈಗ ಎದುರಾಳಿಗಳು ಇವನನ್ನ ತಡೀಬೇಕಾ, ಬುಟ್ಟಿ ಕಡೆ ಓಡ್ತಿರೋ ಆ ಎತ್ತರದವನನ್ನ ತಡೀಬೇಕಾ? ಅರ್ಧ ಸೆಕೆಂಡಿನಲ್ಲಿ ಅವರು ಯಾವುದು ಬಿಟ್ಟರು ಅಂತ ಓದಿ ನಿರ್ಧಾರ ತಗೊಳ್ಳೋ ಗಾರ್ಡ್ ಬೇಕು. ನಿಕ್ಸ್‌ನಲ್ಲಿ ಟೈಸನ್ ಚಾಂಡ್ಲರ್ ರೂಪದಲ್ಲಿ ಗೋಡೆ ಇತ್ತು, ಓದುವವನು ಇರಲಿಲ್ಲ. ಇಬ್ಬರು ಸ್ಟಾರ್‌ಗಳಲ್ಲಿ ಕಾರ್ಮೆಲೊ ಆಂಟನಿ ಗಾಯಗೊಂಡ, ಅಮರೆ ಸ್ಟೌಡೆಮೈರ್ ಅಣ್ಣನ ಸಾವಿಗಾಗಿ ಊರಿಗೆ ಹೋದ. ಚೆಂಡು ಪೂರ್ತಿ ಲಿನ್ ಕೈಗೆ ಬಂತು. ಸರಿಯಾದ ಮನುಷ್ಯ, ಅವನಿಗೆ ಹೊಂದುವ ವ್ಯವಸ್ಥೆ, ಮೇಲಿನವರ ಗೈರುಹಾಜರಿ. ಪ್ರೊಡಕ್ಷನ್ ಬಿದ್ದ ರಾತ್ರಿ ಸೀನಿಯರ್ ಯಾರೂ ಫೋನ್ ಎತ್ತದೆ, ಜೂನಿಯರ್ ಒಬ್ಬ ಎಲ್ಲ ಸರಿ ಮಾಡಿದ ಕಥೆ ನಿಮ್ಮ ಆಫೀಸಲ್ಲೂ ಒಂದು ಇರುತ್ತೆ.

ಪ್ರತಿ ಗೆಲುವಿನ ನಂತರ ಮೈಕ್ ಮುಂದೆ ಅವನು ಮೊದಲು ಹೇಳ್ತಿದ್ದದ್ದು ಮಹಿಮೆ ದೇವರಿಗೆ ಅಂತ. ಯೇಸುವಿನ ಹೆಸರಲ್ಲಿ ಆಡ್ತೀನಿ ಅಂತ ಬರೆದ ಕಿತ್ತಳೆ ಬಣ್ಣದ ಪಟ್ಟಿ ಕೈಯಲ್ಲಿರ್ತಿತ್ತು. ಅವನೂ ಲ್ಯಾಂಡ್ರಿ ಫೀಲ್ಡ್ಸೂ ಸೇರಿ ಮಾಡ್ತಿದ್ದ ಒಂದು ತಮಾಷೆಯ ಸನ್ನೆ ಇತ್ತು: ಪುಸ್ತಕ ತೆರೆದಂತೆ, ಕನ್ನಡಕ ತೆಗೆದು ಜೇಬಿಗಿಟ್ಟಂತೆ ನಟಿಸಿ, ಕೊನೆಗೆ ಇಬ್ಬರೂ ಮೇಲೆ ಬೆರಳು ತೋರಿಸೋರು. ಅಷ್ಟಕ್ಕೇ ನಿಂತಿದ್ದರೆ ನಾನು ಈ ವಿಡಿಯೋ ಮಾಡ್ತಿರಲಿಲ್ಲ. ಗೆದ್ದಾಗ ದೇವರನ್ನ ನೆನೆಯೋದು ಎಲ್ಲ ಧರ್ಮದವರಿಗೂ ಬರುತ್ತೆ.

ಈಗ ನನ್ನ ಬೆಂಚಿನ ಕಥೆ. 2023ರಲ್ಲಿ ನಮ್ಮ ಕ್ಲೈಂಟ್ ಪ್ರಾಜೆಕ್ಟ್ ಮುಚ್ಚಿದ. ನಾವು ಹನ್ನೊಂದು ಜನ ಬೆಂಚಿಗೆ ಬಂದ್ವಿ. ಕಂಪನಿ ಹೆಸರು ಬೇಡ. ದಿನಾ ಬೆಳಿಗ್ಗೆ ಲಾಗಿನ್ ಆಗಿ ಒಳಗಿನ ಪೋರ್ಟಲ್‌ನಲ್ಲಿ ಪ್ರಾಜೆಕ್ಟ್ ಹುಡುಕೋದು, ಮ್ಯಾನೇಜರ್‌ಗಳ ಇಂಟರ್ವ್ಯೂ ಕೊಡೋದು, "ತಿಳಿಸ್ತೀವಿ" ಅಂತ ಕೇಳಿಸ್ಕೊಳ್ಳೋದು. ಮನೆಯ ಇಎಂಐ ಶುರುವಾಗಿ ಎಂಟು ತಿಂಗಳಾಗಿತ್ತು. ಗದಗಿನಿಂದ ಅವ್ವ ದಿನಾ ಸಂಜೆ ಫೋನ್ ಮಾಡೋಳು. "ಏನಪಾ, ಪ್ರಾಜೆಕ್ಟ್ ಸಿಕ್ತೇನು? ನಾ ವೀರನಾರಾಯಣಗ ಹರಕಿ ಹೊತ್ತೀನಿ, ನೀ ಏನ್ ಚಿಂತಿ ಮಾಡಬ್ಯಾಡ." ನಾನು ಹೂಂ ಅನ್ನೋನು. ಆ ದಿನಗಳಲ್ಲಿ ರಾತ್ರಿ ನಿದ್ದೆ ಬರದೆ ಏನೇನೋ ನೋಡುವಾಗ ಲಿನ್‌ನ ಇನ್ನೊಂದು ವಿಡಿಯೋ ಸಿಕ್ತು. ಇದು 2012ರದ್ದಲ್ಲ, 2019ರದ್ದು.

ನಡುವೆ ಏನಾಗಿತ್ತು ಅಂದ್ರೆ, ಆ ಹನ್ನೆರಡು ದಿನದ ಎತ್ತರ ಮತ್ತೆ ಬರಲೇ ಇಲ್ಲ. ಅದೇ ಸೀಸನ್ನಿನಲ್ಲಿ ಮಂಡಿ ಗಾಯ. ಆ ಬೇಸಿಗೆಯಲ್ಲಿ ಹ್ಯೂಸ್ಟನ್ ಮೂರು ವರ್ಷಕ್ಕೆ ಸುಮಾರು 2.5 ಕೋಟಿ ಡಾಲರ್ ಕೊಡ್ತೀನಿ ಅಂತು, ನಿಕ್ಸ್ ಬಿಟ್ಟುಕೊಟ್ಟಿತು. ಆಮೇಲೆ ಲೇಕರ್ಸ್, ಶಾರ್ಲಟ್, ಬ್ರೂಕ್ಲಿನ್. 2017ರಲ್ಲಿ ಬ್ರೂಕ್ಲಿನ್‌ನ ಮೊದಲ ಪಂದ್ಯದಲ್ಲೇ ಮಂಡಿಚಿಪ್ಪಿನ ಸ್ನಾಯುರಜ್ಜು ಹರಿದು ಇಡೀ ವರ್ಷ ಹೋಯ್ತು. 2019ರಲ್ಲಿ ಟೊರಾಂಟೊ ತಂಡದಲ್ಲಿದ್ದ, ಆ ತಂಡ ಚಾಂಪಿಯನ್ ಆಯ್ತು. ಎನ್‌ಬಿಎ ಪ್ರಶಸ್ತಿ ಗೆದ್ದ ಮೊದಲ ಏಷ್ಯನ್ ಅಮೆರಿಕನ್ ಆಟಗಾರ ಅವನು. ಆದರೆ ಇಡೀ ಫೈನಲ್ ಸರಣಿಯಲ್ಲಿ ಅಂಗಳದಲ್ಲಿದ್ದದ್ದು ಒಂದು ನಿಮಿಷಕ್ಕೂ ಕಡಿಮೆ. ಅದಾದ ಒಂದು ತಿಂಗಳಿಗೆ ಯಾವ ತಂಡವೂ ಕರೀದೇ ಇದ್ದಾಗ, ತೈವಾನ್‌ನ ಒಂದು ಕ್ರೈಸ್ತ ಟಿವಿ ವಾಹಿನಿಯ ಕಾರ್ಯಕ್ರಮದಲ್ಲಿ ಮಾತಾಡಲು ನಿಂತ.

ವೇದಿಕೆ ಮೇಲೆ ನಿಂತು ಅತ್ತ. ಎನ್‌ಬಿಎ ನನ್ನನ್ನ ಕೈಬಿಟ್ಟಿದೆ ಅನ್ಸುತ್ತೆ ಅಂದ. ಪಾತಾಳ ಮುಟ್ಟಿದೆ, ಇನ್ನು ಮೇಲೇ ಏಳೋದು ಅಂದುಕೊಂಡರೆ ಆ ಪಾತಾಳವೇ ಇನ್ನೂ ಕೆಳಗೆ ಹೋಗ್ತಾ ಇದೆ ಅನ್ನೋ ಅರ್ಥದ ಮಾತು ಹೇಳಿದ. ಗೆದ್ದ ಉಂಗುರ ತಾನು ಗಳಿಸಿದ್ದು ಅಂತ ಮನಸ್ಸು ಒಪ್ಪುತ್ತಿಲ್ಲ ಅಂದ. ಕೂತವರು ಪವಾಡದ ಸಾಕ್ಷಿ ಕೇಳೋಕೆ ಬಂದ ಭಕ್ತರು. ಅವರ ಮುಂದೆ, ಕೇಳಿದ್ದು ಸಿಕ್ಕಿಲ್ಲ ಅಂತ ಹೇಳಿದ. ಹೇಳಿಯೂ ನಂಬಿಕೆ ಬಿಡಲಿಲ್ಲ.

ಅವ್ವನ ಹರಕಿಗೂ ಇದಕ್ಕೂ ಇರೋ ವ್ಯತ್ಯಾಸ ನನಗೆ ಆ ರಾತ್ರಿ ಹೊಳೆದದ್ದು. ಹರಕೆ ಅಂದ್ರೆ ಒಪ್ಪಂದ. ನೀನಿದು ಕೊಡು, ನಾನಿದು ಕೊಡ್ತೀನಿ, ಡೆಲಿವರಿ ಡೇಟ್ ಸಮೇತ. ಕ್ರೈಸ್ತರಲ್ಲೂ ಹೀಗೆ ಒಪ್ಪಂದ ಮಾಡ್ಕೊಳ್ಳೋರು ಬೇಕಾದಷ್ಟಿದ್ದಾರೆ, ಲಿನ್ ಕೂಡ ಹಾಗಿದ್ದವನೇ ಅಂತ ಅವನ ಮಾತುಗಳಿಂದಲೇ ಗೊತ್ತಾಗುತ್ತೆ. ಗೋಲ್ಡನ್ ಸ್ಟೇಟ್‌ನಲ್ಲಿದ್ದಾಗ ಬೇರೆಯವರಿಗೆ ಸಾಬೀತು ಮಾಡಬೇಕು ಅನ್ನೋ ಹಟದಲ್ಲಿ ಆಡಿ ಆಟದ ಖುಷಿಯೇ ಹೋಗಿತ್ತು ಅಂತ 2012ರಲ್ಲೇ ಹೇಳಿದ್ದ. ಬೈಬಲ್ಲಿನ ರೋಮಾಪುರದವರಿಗೆ ಬರೆದ ಪತ್ರಿಕೆಯ ಐದನೇ ಅಧ್ಯಾಯವನ್ನ ಅವನು ಆಗಾಗ ನೆನೆಯೋದು. ಕಷ್ಟ ತಪ್ಪಿಸ್ತೀನಿ ಅನ್ನೋ ಮಾತು ಅಲ್ಲಿಲ್ಲ, ಕಷ್ಟ ಮನುಷ್ಯನಲ್ಲಿ ಏನು ಬೆಳೆಸುತ್ತೆ ಅನ್ನೋದಿದೆ. ಬರೀ ಗೆಲುವಿನ ಕಾರಣ ಅಂತ ನೋಡಿದ್ರೆ ಅವನ ನಂಬಿಕೆ ಸುಳ್ಳು ಅನ್ನಿಸುತ್ತೆ. ಯಾಕಂದ್ರೆ ಎದುರು ತಂಡದಲ್ಲೂ ಪ್ರಾರ್ಥಿಸೋರು ಇದ್ದೇ ಇರ್ತಾರೆ.

ಅದು ಎಲ್ಲಿ ಕಾಣುತ್ತೆ ಅನ್ನೋದಕ್ಕೆ ನನ್ನ ಹತ್ತಿರ ಎರಡು ಪ್ರಸಂಗ ಇವೆ. 2012ರಲ್ಲಿ ನಿಕ್ಸ್ ಸರಣಿ ಗೆಲುವು ನಿಂತ ರಾತ್ರಿ, ದೊಡ್ಡ ಕ್ರೀಡಾ ಸಂಸ್ಥೆಯೊಂದರ ಪುಟದಲ್ಲಿ ಚೀನೀಯರನ್ನ ಹೀಯಾಳಿಸೋ ಪದ ಇದ್ದ ತಲೆಬರಹ ಬಂತು. ಬರೆದ ಹುಡುಗ, ಅದೊಂದು ಹಳೆಯ ನುಡಿಗಟ್ಟು, ಆ ಅರ್ಥ ಹೊಳೆಯಲೇ ಇಲ್ಲ ಅಂದ. ಕೆಲಸ ಹೋಯ್ತು. ಲಿನ್ ಅವನನ್ನ ಕ್ಷಮಿಸಿದ್ದೀನಿ ಅಂದಿದ್ದಷ್ಟೇ ಅಲ್ಲ, ಮುಂದಿನ ತಿಂಗಳು ಅವನ ಜೊತೆ ಕೂತು ಊಟ ಮಾಡಿದ. ಆ ಹುಡುಗ ಆಮೇಲೆ ಸೆಮಿನರಿ ಸೇರಿ, 2019ರಲ್ಲಿ ಕ್ಯಾಥೊಲಿಕ್ ಪಾದ್ರಿಯಾದ. ಎರಡನೆಯದು 2021. ಎನ್‌ಬಿಎಗೆ ವಾಪಸಾಗುವ ಆಸೆಯಿಂದ ಲಿನ್ ಕೆಳಗಿನ ಲೀಗ್‌ನಲ್ಲಿ ಆಡ್ತಿದ್ದ. ಅಂಗಳದಲ್ಲಿ ಅವನನ್ನ 'ಕೊರೊನಾವೈರಸ್' ಅಂತ ಕರೆದರು. ಹಾಗಾಯ್ತು ಅಂತ ಬರೆದ, ಯಾರು ಅಂತ ಹೆಸರು ಹೇಳಲು ಒಪ್ಪಲಿಲ್ಲ. ಲೀಗ್ ತನಿಖೆ ಶುರು ಮಾಡಿದಾಗಲೂ ಒಬ್ಬರನ್ನ ಬೀದಿಗೆಳೆಯೋದರಿಂದ ಏನೂ ಆಗಲ್ಲ ಅನ್ನೋದೇ ಅವನ ನಿಲುವು. ಇದು ಸರಿಯಾ ಅಂತ ನನಗೆ ಈಗಲೂ ಅನುಮಾನವಿದೆ. ಹೆಸರು ಹೇಳದೆ ಬಿಟ್ಟರೆ ನಾಳೆ ಇನ್ನೊಬ್ಬನಿಗೆ ಅವನು ಅದನ್ನೇ ಅನ್ನಲ್ವಾ? ಆದರೆ ಅಪ್ರೈಸಲ್‌ನಲ್ಲಿ ಕಾಲು ಪಾಯಿಂಟ್ ಕಡಿಮೆ ಕೊಟ್ಟವರ ಹೆಸರು ಐದು ವರ್ಷ ಮನಸ್ಸಲ್ಲಿ ಇಟ್ಕೊಳ್ಳೋ ನಾನು ಅವನಿಗೆ ಬುದ್ಧಿ ಹೇಳೋ ಸ್ಥಿತಿಯಲ್ಲಿಲ್ಲ.

ನನಗೆ 63ನೇ ದಿನ ಪ್ರಾಜೆಕ್ಟ್ ಸಿಕ್ತು. ಹಳೆಯ ಸಹೋದ್ಯೋಗಿ ಒಬ್ಬರು ಹೈದರಾಬಾದ್‌ನಿಂದ ಒಂದು ಮಾತು ಹೇಳಿದ್ದರಿಂದ. ಅವ್ವ ಅದೇ ವಾರ ಗುಡಿಗೆ ಹೋಗಿ ಹರಕೆ ತೀರಿಸಿದಳು, ನಾನು ಬೇಡ ಅನ್ನಲಿಲ್ಲ. ನನ್ನ ಜೊತೆ ಬೆಂಚಲ್ಲಿದ್ದ ರಾಯಚೂರಿನ ಹುಡುಗ, ನಮ್ಮೆಲ್ಲರಿಗಿಂತ ಚೆನ್ನಾಗಿ ಕೋಡ್ ಬರೀತಿದ್ದವನು, 90 ದಿನ ಆದಮೇಲೆ ರಾಜೀನಾಮೆ ಕೊಡಬೇಕಾಯ್ತು. ಅವನ ತಾಯಿಯೂ ಮಂತ್ರಾಲಯಕ್ಕೆ ಹೇಳಿಕೊಂಡಿದ್ದರಂತೆ. ಕೊನೆಯ ದಿನ ಇಬ್ಬರೂ ಟಪರಿ ಮುಂದೆ ಚಹಾ ಕುಡೀತಾ ನಿಂತಾಗ ಅವನು "ಅಮ್ಮಗ ಏನ್ ಹೇಳ್ಲಿ ಗೊತ್ತಾಗವಲ್ದು" ಅಂದ. ನನಗೆ ಏನೂ ತೋಚದೆ ಫೋನ್ ತೆಗೆದು ಲಿನ್‌ನ ಆ 2019ರ ಮಾತನ್ನ ಹಾಕಿದೆ. ಚಹಾ ತಣ್ಣಗಾಗೋವರೆಗೆ ನೋಡಿದ. "ಇಂವ ಪಾಪ, ಸುಳ್ಳ ಹೇಳಂಗಿಲ್ಲ" ಅಂದ.

ಲಿನ್ ಆಮೇಲೆ ಚೀನಾದಲ್ಲಿ ಆಡಿದ, 2023ರಿಂದ ತಂದೆತಾಯಿಯ ನಾಡು ತೈವಾನ್‌ನಲ್ಲಿ ಆಡಿದ. ಅಲ್ಲಿ ನ್ಯೂ ತೈಪೆ ಕಿಂಗ್ಸ್ ಪರವಾಗಿ 2024 ಮತ್ತು 2025ರಲ್ಲಿ ಪ್ರಶಸ್ತಿ ಗೆದ್ದ, ಈ ಸಲ ಬೆಂಚಿನಲ್ಲಿ ಕೂತಲ್ಲ. 2025ರ ಆಗಸ್ಟ್ ಕೊನೆಯ ದಿನ, 37ನೇ ವಯಸ್ಸಿಗೆ ನಿವೃತ್ತಿ ಘೋಷಿಸಿದ. ಆ ಲೇಕರ್ಸ್ ರಾತ್ರಿಯ ಬಗ್ಗೆ '38 ಅಟ್ ದಿ ಗಾರ್ಡನ್' ಅಂತ 2022ರ ಸಾಕ್ಷ್ಯಚಿತ್ರ ಇದೆ, ಅವನ ಆ 38 ಪಾಯಿಂಟಿಗೆ ಸರಿಯಾಗಿ 38 ನಿಮಿಷದ್ದು. ಒಂದು ಸ್ಟ್ಯಾಂಡಪ್ ಮೀಟಿಂಗ್ ಎಳೆದಾಡೋ ಹೊತ್ತಿನಲ್ಲಿ ನೋಡಿ ಮುಗಿಸಬಹುದು.